ಸೀಟ್ ಕವರ್ ಆಮೇಲೆ, ಮೊದಲು ಮ್ಯಾಟ್ ಎತ್ತಿ ನೋಡ್ರಿ

ಈ ವಾರ ಹಳೇ ಕಾರಿನ ಒಳಮೈ ಬಗ್ಗೆ ಮಾತಾಡೋಣ. ಹಾನಗಲ್ಲ, ಶಿಗ್ಗಾಂವಿ, ಸವಣೂರು, ಹಿರೇಕೆರೂರು ಕಡೆಯ ಕೇಳುಗರಿಂದ ಒಂದೇ ಪ್ರಶ್ನೆ ಮತ್ತೆ ಮತ್ತೆ ಬರ್ತದ: "ಅಜ್ಜನ ಕಾಲದ ಅಂಬಾಸಿಡರ್ ಐತಿ, ಸೀಟ್ ಕವರ್ ಹೊಸದು ಹಾಕಿಸಬೇಕು, ಎಲ್ಲಿ ಚಲೋ ಮಾಡ್ತಾರ?" ವಿಳಾಸ ಹೇಳೋದು ಸುಲಭ. ಆದರ ನಾನು ಹೇಳೋದು ಒಂದೇ. ಮೊದಲು ಕಾಲಡಿಯ ಮ್ಯಾಟ್ ಎತ್ತಿ ನೋಡ್ರಿ.

ಯಾಕಂದ್ರ, ಜೀಪಿಗೆ ಕೆಳಗೆ ಬೇರೆ ಚಾಸಿ ಇರ್ತದ. ನಮ್ಮ ಚಕ್ಕಡಿ ಇದ್ದಂಗ, ಮೇಲಿನ ಹಲಗೆ ಕೊಳೆತರೂ ಕೆಳಗಿನ ಕಟ್ಟು ಗಟ್ಟಿಯಾಗಿದ್ದರೆ ಗಾಡಿ ನಡೀತದ. ಅಂಬಾಸಿಡರ್ ಹಂಗಲ್ಲ. ಅದರ ಮೂಲ ಇಂಗ್ಲೆಂಡಿನ ಮಾರಿಸ್ ಆಕ್ಸ್‌ಫರ್ಡ್ ಸೀರೀಸ್ 3. ಪಶ್ಚಿಮ ಬಂಗಾಳದ ಉತ್ತರಪಾರಾ ಕಾರ್ಖಾನೆಯಲ್ಲಿ 2014ರ ತನಕ ತಯಾರಾಯ್ತು. ಅದಕ್ಕೆ ಉದ್ದಕ್ಕೂ ಪ್ರತ್ಯೇಕ ಚಾಸಿ ಇಲ್ಲ. ತಳದ ತಗಡು, ಬಾಗಿಲ ಕೆಳಗಿನ ಹೊಸ್ತಿಲ ಪೆಟ್ಟಿಗೆ, ಕಂಬ, ಛಾವಣಿ ಎಲ್ಲಾ ಸೇರಿಯೇ ಗಾಡಿಯ ಎಲುಬು. ಫಿಯೆಟ್ 1100 ಆಧಾರದ ಪ್ರೀಮಿಯರ್ ಪದ್ಮಿನಿಯೂ ಇದೇ ಜಾತಿ. ಇಂಥ ಕಾರಿನಲ್ಲಿ ತಳ ತುಕ್ಕು ತಿಂದಿತು ಅಂದ್ರ ಎಲುಬೇ ಸವೆದಂಗ. ಅದರ ಮೇಲೆ ಹೊಸ ರೆಕ್ಸಿನ್ ಹಾಕೋದು ಗೆದ್ದಲು ಹಿಡಿದ ತೊಲೆಗೆ ಬಣ್ಣ ಹಚ್ಚಿದಂಗ.

ನಾನು ಕೈಯಾರೆ ಬಿಚ್ಚಿದ್ದು ಹಾನಗಲ್ಲ ತಾಲೂಕಿನ ನಮ್ಮ ಸೋದರಮಾವನ ಗಾಡಿ. 1984ರ ಮಾರ್ಕ್ 4. ಹಾನಗಲ್ಲಂದ್ರ ಅರೆಮಲೆನಾಡು. ಮಳೆಗಾಲದಾಗ ಪತ್ರಾಸ್ ಶೆಡ್ಡಿನ ಒಳಗೂ ತಂಪು ಬಿಡೂದಿಲ್ಲ. ಸವಣೂರಿನ ಕರಿಮಣ್ಣಿನ ಕಡೆ ನಿಂತ ಗಾಡಿಗೆ ಧೂಳಿನ ಕಾಟ ಜಾಸ್ತಿ, ತುಕ್ಕು ಕಡಿಮೆ. ನಾನು ಇಣುಕಿ ನೋಡಿದ ನಾಲ್ಕೈದು ಗಾಡಿಗಳಲ್ಲೇ ಈ ಫರಕು ಕಣ್ಣಿಗೆ ಬಿತ್ತು.

ಮಾಮಾನಿಗೆ ಎರಡೇ ದಾರಿ ಇತ್ತು. ಗುಜರಿಯವನು ತೂಕದ ಲೆಕ್ಕಕ್ಕೆ ಕೇಳಿ ಹೋಗಿದ್ದ. ಇನ್ನೊಂದು, ಅತ್ತೆಯನ್ನ ಕೂರಿಸಿಕೊಂಡು ಮತ್ತೆ ಓಡಿಸೋದು. ಅತ್ತೆಗೆ ಮೊಣಕಾಲು ನೋವು. ಈಗಿನ ಸಣ್ಣ ಕಾರುಗಳಲ್ಲಿ ಮಡಚಿ ಕೂರೋಕೆ ಆಗೂದಿಲ್ಲ, ಅಂಬಾಸಿಡರಿನ ಉದ್ದ ಸೀಟಿನ ಮೇಲೆ ಮಾತ್ರ ಆರಾಮ ಕೂರ್ತಾಳ. ಹಂಗಾಗಿ ಇದು ಬರೀ ಶೋಕಿಯ ಮಾತಾಗಿರಲಿಲ್ಲ.

ಮೊದಲ ಕೆಲಸ, ಬ್ಯಾಟರಿ ತಂತಿ ಬಿಚ್ಚಿದೆವು. ಆಮೇಲೆ ಪ್ರತಿ ಮೂಲೆಯ ಫೋಟೋ. ಪ್ರತಿ ಬಾಗಿಲಿನ ಸ್ಕ್ರೂಗಳಿಗೆ ಬೇರೆ ಬೇರೆ ಚೀಲ, ಮೇಲೆ ಹೆಸರು. ಹಿಂದಿನ ಸೀಟಿನ ಕೂರುವ ಭಾಗ ಎತ್ತಿದರೆ ಬರ್ತದ, ಮುಂದಿನದಕ್ಕೆ ಮಾತ್ರ ತಳದ ಬೋಲ್ಟ್ ಬಿಚ್ಚಬೇಕು. ಆ ಬೋಲ್ಟುಗಳು ಸುಮ್ಮನೆ ತಿರುಗಲಿಲ್ಲ. ಹಿಂದಿನ ರಾತ್ರಿಯೇ ಎಣ್ಣೆ ಬಿಟ್ಟು ನೆನೆಸಿದ್ದೆವು. ಕಿಟಕಿ ಇಳಿಸುವ ಹಿಡಿಕೆಯ ಹಿಂದಿನ ಬಟ್ಟಲು ಒತ್ತಿದರೆ ಸಣ್ಣದೊಂದು ಪಿನ್ ಕಾಣ್ತದ. ಅದನ್ನ ತೂರಿಸಿ ತೆಗೆದರೆ ಹಿಡಿಕೆ ಕೈಗೆ ಬರ್ತದ, ಜಗ್ಗಿದರೆ ಮುರೀತದ. ಬಾಗಿಲ ಒಳಮೈ ಅಂದ್ರ ರೆಕ್ಸಿನ್ ಸುತ್ತಿದ ಹಾರ್ಡ್‌ಬೋರ್ಡ್, ಅಷ್ಟೇ. ಅದರ ಹಿಂದೆ ಪ್ಲಾಸ್ಟಿಕ್ ಹಾಳೆ ಇರಬೇಕು. ಗಾಜಿನ ಸಂದಿಯಿಂದ ಇಳಿಯುವ ನೀರು ಬಾಗಿಲ ಅಡಿಯ ತೂತುಗಳಿಂದ ಹೊರಗೆ ಹೋಗಬೇಕು. ಈ ಗಾಡಿಯಲ್ಲಿ ಹಾಳೆ ಹರಿದಿತ್ತು, ತೂತು ಮಣ್ಣಿನಿಂದ ಮುಚ್ಚಿದ್ದವು. ನೀರು ಎಲ್ಲಿ ಹೋಗಬೇಕು ಹೇಳ್ರಿ? ಒಳಗೇ ಬಂತು, ರಬ್ಬರ್ ಮ್ಯಾಟಿನ ಅಡಿ ಕೂತಿತು.

ಹಿಂದಿನ ಸೀಟಿನೊಳಗೆ ಇಲಿ ಗೂಡು ಕಟ್ಟಿದ್ದವು. ಗೂಡಿನ ತುಂಬ ಭತ್ತದ ಹೊಟ್ಟು, ನಾರು, ಮತ್ತೆ ನಮ್ಮ ಅತ್ತೆಯ ಕಳೆದುಹೋದ ಒಂದು ಕೈಚೌಕ. ಶೆಡ್ಡಿನಾಗ ಪೀಕಿನ ಚೀಲ ಒಟ್ಟಿ, ಪಕ್ಕದಾಗ ಕಾರು ನಿಲ್ಲಿಸಿದರ ಇದು ಆಗೋದೇ.

ಮ್ಯಾಟ್, ಅದರ ಕೆಳಗಿನ ಡಾಂಬರು ಬಳಿದ ಫೆಲ್ಟ್ ಕಿತ್ತ ಮೇಲೆ ಸ್ಕ್ರೂಡ್ರೈವರಿನಿಂದ ಕುಟ್ಟುತ್ತಾ ಹೋದೆವು. ಗಟ್ಟಿ ತಗಡು ಠಣ್ ಅಂತದ, ಸತ್ತ ತಗಡು ಮೆತ್ತಗೆ ಪುಡಿಯಾಗ್ತದ. ಡ್ರೈವರ್ ಕಾಲಡಿ, ಎಡಗಡೆಯ ಹೊಸ್ತಿಲ ಒಳಭಾಗ, ಮುಂದಿನ ಸೀಟಿನ ಒಂದು ಬೋಲ್ಟಿನ ಸುತ್ತ, ಇಷ್ಟು ಕಡೆ ಸ್ಕ್ರೂಡ್ರೈವರ್ ತಳ ತೂರಿ ಕೆಳಗಿನ ನೆಲ ಮುಟ್ಟಿತು. ಮೂರನೆಯದು ನನಗೆ ಹೆದರಿಕೆ ತಂದಿತು. ಸೀಟು ಹಿಡಿದಿರೋದೇ ಆ ತಗಡು. ಜೋರಾಗಿ ಬ್ರೇಕ್ ಹಾಕಿದರ ಸೀಟಿನ ಜೋಡಿ ಮನುಷ್ಯನೂ ಮುಂದೆ ಹೋಗ್ತಾನ.

ವೆಲ್ಡಿಂಗ್ ಮಾಡುವವನು ಶಿಗ್ಗಾಂವಿಯಿಂದ ಬಂದ. ಟ್ರಾಲಿ, ಗೇಟು, ಟ್ರ್ಯಾಕ್ಟರ್ ಛಾವಣಿ ಮಾಡಿ ಪಳಗಿದ ಕೈ. ಆತ ಮಾಡಿದ ಮೊದಲ ಕೆಲಸ ನನಗೆ ಭಾಳ ಸೇರಿತು. ಹೊಸ್ತಿಲು ಕತ್ತರಿಸೋಕೆ ಮುಂಚೆ ಬಾಗಿಲ ಚೌಕಟ್ಟಿಗೆ ಅಡ್ಡವಾಗಿ ಕಬ್ಬಿಣದ ಪಟ್ಟಿ ಬೆಸೆದ. "ಇಲ್ಲಾಂದ್ರ ಗಾಡಿ ನಡು ಬಾಗತೈತಿ, ಆಮ್ಯಾಲ ಬಾಗಲಾ ಕೂಡೂದಿಲ್ಲ" ಅಂದ. ಪೆಟ್ರೋಲ್ ಟ್ಯಾಂಕ್ ಮೊದಲೇ ಇಳಿಸಿದ್ದೆವು, ಫೆಲ್ಟಿನ ಚೂರೂ ಉಳಿಸಿರಲಿಲ್ಲ, ಪಕ್ಕದಾಗ ಎರಡು ಕೊಡ ನೀರು, ಮರಳು. ಹೊಸ ತಗಡಿಗೆ ಎರಡೂ ಬದಿ ಪ್ರೈಮರ್, ಜೋಡಣೆಗೆ ಸೀಲರ್. ರಬ್ಬರ್ ಮ್ಯಾಟನ್ನ ಮಾತ್ರ ಒಣಗಿದ ಮೇಲೇ ಹಾಸಿದ್ದು.

ಈಗ ಲೆಕ್ಕ. ನಾನು ಬಿ.ಕಾಂ. ಅಲ್ಲವೇ, ಸುಮ್ಮನಿರೋಕೆ ಆಗೂದಿಲ್ಲ. ಆದಾಯ ತೆರಿಗೆಯ ಪ್ರಕಾರ ಕಾರಿಗೆ ವರ್ಷಕ್ಕೆ 15% ಸವಕಳಿ ಹಾಕ್ತಾರ. ಉಳಿದ ಮೊತ್ತದ ಮೇಲೆ ಮತ್ತೆ 15%. ಹಂಗೇ ಹಿಡಿದರೆ ಒಂದು ಲಕ್ಷದ ಕಾರು 10 ವರ್ಷಕ್ಕೆ 20 ಸಾವಿರದ ಹತ್ತಿರ ಬರ್ತದ. 30 ವರ್ಷಕ್ಕೆ ಪುಸ್ತಕದಾಗ ಉಳಿಯೋದು ಸುಮಾರು 760 ರೂಪಾಯಿ. ಬೋರ್ಡು ನೋಡಿ ಹಣ ಹಾಕುವವರು ಈ ಕೆಲಸಕ್ಕೆ ಕೈ ಹಾಕಬಾರದು. ತಳದ ಕೂಲಿ ಒಂದರಲ್ಲೇ ಸೀಟಿನ ಖರ್ಚು ಮುಳುಗಿ ಹೋಯ್ತು. ಆದರ ತಳದ ಖರ್ಚು ಕಾಣೂದಿಲ್ಲ, ಸೀಟಿನ ಖರ್ಚು ಎಲ್ಲರಿಗೂ ಕಾಣ್ತದ. ಅದಕ್ಕೇ ಜನ ಉಲ್ಟಾ ಮಾಡ್ತಾರ ಅಂತ ನನ್ನ ಅನಿಸಿಕೆ.

"ವಿಂಟೇಜ್ ಆಗಿ ರೇಟ್ ಬರತೈತಿ" ಅನ್ನುವವರಿಗೆ ಒಂದು ಮಾತು. ಕೇಂದ್ರದ 2021ರ ನಿಯಮದಲ್ಲಿ ವಿಂಟೇಜ್ ಅನ್ನಿಸಿಕೊಳ್ಳೋಕೆ 50 ವರ್ಷ ದಾಟಿರಬೇಕು, ಮೂಲ ರೂಪ ಉಳಿದಿರಬೇಕು. ಮಾಮಾನ ಗಾಡಿಗೆ ಅದು 2034ಕ್ಕೆ. ಅಲ್ಲಿತನಕ 15 ವರ್ಷ ದಾಟಿದ ಎಲ್ಲಾ ಖಾಸಗಿ ಕಾರಿನಂತೆ ಐದೈದು ವರ್ಷಕ್ಕೊಮ್ಮೆ ನೋಂದಣಿ ನವೀಕರಣ. ಅಲ್ಲಿ ಗಾಡಿಯ ಸ್ಥಿತಿ ನೋಡ್ತಾರ, ರೆಕ್ಸಿನ್ ಬಣ್ಣ ಅಲ್ಲ. ಹಳೇ ಕಾರು ಹೆಂಗ ಇಡಬೇಕು ಅಂತ ನೋಡೋ ಆಸೆ ಇದ್ದರ ಧರ್ಮಸ್ಥಳದ ಮಂಜೂಷಾ ವಸ್ತುಸಂಗ್ರಹಾಲಯದ ಗಾಡಿಗಳ ಒಳಗೆ ಒಮ್ಮೆ ಇಣುಕಿ ಬರ್ರಿ.

ಸೀಟಿಗೆ ಬಂದೆವು. ಸ್ಪ್ರಿಂಗ್ ಚೌಕಟ್ಟು ಗಟ್ಟಿ ಇತ್ತು, ಮುರಿದ ಎರಡು ಕೊಂಡಿ ಮಾತ್ರ ಬದಲಿ. ಸ್ಪ್ರಿಂಗಿನ ಮೇಲೆ ಗೋಣಿತಟ್ಟು, ಅದರ ಮೇಲೆ ರಬ್ಬರ್ ಸೇರಿಸಿದ ತೆಂಗಿನ ನಾರಿನ ಹಾಸು, ಮೇಲೆ ಅರಳೆ, ಕೊನೆಗೆ ರೆಕ್ಸಿನ್. ಅಂಗಡಿಯವರು ಫೋಮ್ ತುಂಬಿಸಿ ಅಂತ ಹೇಳೇ ಹೇಳ್ತಾರ. ಅಗ್ಗದ ಫೋಮ್ ಸ್ಪ್ರಿಂಗಿನ ತಿಕ್ಕಾಟಕ್ಕೆ ಕೆಲವೇ ವರ್ಷಕ್ಕೆ ಪುಡಿಯಾಗ್ತದ. ನಾರಿನಾಗ ಗಾಳಿ ಆಡ್ತದ, ಹಸಿ ನಿಲ್ಲೂದಿಲ್ಲ. ಅರಳೆ ಪದರಕ್ಕೆ ಸವಣೂರಿನ ಗಾದಿ ಮಾಡುವ ಹಿರಿಯರೊಬ್ಬರನ್ನ ಹಿಡಿದೆವು. ಅರಳೆ ಹಿಂಜಿ, ಅಂಚಿಗೆ ತೆಳ್ಳಗೆ, ನಡುವೆ ದಪ್ಪಗೆ ಕೂರಿಸಿದ ಕೈ ಅದು. ಅವರ ಮಕ್ಕಳು ಈ ಕೆಲಸಕ್ಕೆ ಇಲ್ಲ. ಇಬ್ಬರೂ ಹುಬ್ಬಳ್ಳಿಯಾಗ ಅಂಗಡಿಯಾಗ ಇದ್ದಾರಂತ.

ಹೊಲಿದವನು ಹಿರೇಕೆರೂರಿನ ಸೀಟ್ ಕೆಲಸದವನು. ದೀಪಾವಳಿ ಹತ್ತಿರ ಬಂದರ ಹೋರಿಗಳಿಗೆ ಜೂಲಾ ಹೊಲಿಯುವುದೇ ಅವನ ಸೀಜನ್, ಹಂಗಾಗಿ ನಮಗೆ ವಾರಗಟ್ಟಲೆ ಕಾಯಿಸಿದ. ಅವನ ಒಂದೇ ಕರಾರು, ಹಳೇ ಕವರ್ ಹರಿದಿದ್ದರೂ ಎಸೆಯಬಾರದು. ಹೊಲಿಗೆ ಬ್ಲೇಡಿನಿಂದ ಬಿಚ್ಚಿ, ಪ್ರತಿ ತುಂಡಿಗೂ ಚಾಕಿನಿಂದ ನಂಬರ್ ಹಾಕಿ, ಹೊಸ ರೆಕ್ಸಿನ್ ಮೇಲೆ ಇಟ್ಟು ಕತ್ತರಿಸಿದ. ಅವನಿಗೆ ಬೇರೆ ಅಳತೆ ಬೇಕಾಗಲಿಲ್ಲ. ರೆಡಿಮೇಡ್ ಕವರ್ ಸುಕ್ಕು ಬೀಳೋದು ಈ ಕಾರಣಕ್ಕೇ.

ಮಾಮಾನಿಗೆ ಕೆಂಪು ವೆಲ್ವೆಟ್ ಬೇಕಿತ್ತು. ಮದುವೆ ಗಾಡಿ ಆಗತೈತಿ ಅಂತ ಅತ್ತೆ ಒಪ್ಪಲಿಲ್ಲ. ಕೊನೆಗೆ ಹಳೆಯ ಹಾಲುಬಿಳಿ ಬಣ್ಣವೇ.

ಛಾವಣಿಯ ಬಟ್ಟೆ ಇನ್ನೂ ಬಾಕಿ. ಅಡ್ಡ ತಂತಿಗಳ ಮೇಲೆ ತೂಗುವ ಆ ಬಟ್ಟೆಯನ್ನ ಸುಕ್ಕಿಲ್ಲದಂಗ ಕೂರಿಸಬೇಕಾದರೆ ಮುಂದಿನ ಗಾಜಿನ ರಬ್ಬರ್ ಕಳಚಬೇಕು. ಹಳೇ ರಬ್ಬರ್ ಒಣಗಿ ಕಲ್ಲಾಗಿದೆ, ಹೊಸದು ಸಿಕ್ಕ ಮೇಲೆ ಮಾಡೋಣ ಅಂತ ಸೀಟಿನವನು ಹೇಳ್ಯಾನ. ಹೋದ ತಿಂಗಳು ಅತ್ತೆ ಬರಿ ತಗಡಿನ ಛಾವಣಿಯ ಅಡಿಯೇ ಕೂತು ಹಿರೇಕೆರೂರಿನ ತಂಗಿ ಮನಿಗೆ ಹೋಗಿ ಬಂದಳು. ಹೊಸ ಸೀಟಿನ ಮೇಲೆ ಒಂದು ಕೌದಿ ಹಾಸಿಕೊಂಡು.