ಮನೆಗೆ ಬಂದ ತೆನೆ

ಸೆಪ್ಟೆಂಬರ್ 8, ಮಾತೆ ಮರಿಯಳ ಜನ್ಮದಿನ. ಕರಾವಳಿಯ ಕೊಂಕಣಿ ಕ್ಯಾಥೊಲಿಕರಿಗೆ ಮೊಂತಿ ಫೆಸ್ತ್. ಅದಕ್ಕೆ ಮುಂಚಿನ ಒಂಬತ್ತು ದಿನ ಮಕ್ಕಳು ಹೂ ಕೊಯ್ದು ಚರ್ಚಿಗೆ ಒಯ್ಯುತ್ತಾರೆ, ಬಾಲ ಮರಿಯಳಿಗೆ ಅರ್ಪಿಸುತ್ತಾರೆ. ಹಬ್ಬದ ಬೆಳಿಗ್ಗೆ ಪಾದ್ರಿಗಳು ಭತ್ತದ ಹೊಸ ತೆನೆಗಳನ್ನು ಆಶೀರ್ವದಿಸಿ ಹಂಚುತ್ತಾರೆ.

ಹಬ್ಬದ ತಿರುಳು ನನಗೆ ಕಾಣುವುದು ಆಮೇಲೆ, ಮನೆಯೊಳಗೆ. ದೇವರ ಪೀಠದ ಮುಂದೆ ಮೇಣದಬತ್ತಿ ಹಚ್ಚಿ ಎಲ್ಲರೂ ಪ್ರಾರ್ಥಿಸುತ್ತಾರೆ. ತೆನೆಯ ಕಾಳು ಸುಲಿದು, ಹಾಲಿಗೋ ತೆಂಗಿನ ಹಾಲಿಗೋ ಪಾಯಸಕ್ಕೋ ಬೆರೆಸಿ, ಹಿರಿಯರು ಒಬ್ಬೊಬ್ಬರಿಗೂ ಕೊಡುತ್ತಾರೆ. ಬಳಿಕ ಬಾಳೆಲೆ ಊಟ. ಪೂರ್ತಿ ಸಸ್ಯಾಹಾರ, ಪದಾರ್ಥಗಳ ಸಂಖ್ಯೆ ಬೆಸವಾಗಿರಬೇಕು. ಕೆಸು, ಬೆಂಡೆ, ಹೀರೆ, ಹರಿವೆ, ಮಳೆಗಾಲದ ಹಿತ್ತಲೇ ಎಲೆಗೆ ಬಂದಿರುತ್ತದೆ. ಮೀನಿಲ್ಲದೆ ತುತ್ತು ಇಳಿಯದ ಮನೆಯಲ್ಲೂ ಅಂದು ಇದೇ ನಿಯಮ. ಚೌತಿಯ ಆಸುಪಾಸಿನಲ್ಲಿ ಬರುವ ಈ ಊಟ ನೆರೆಮನೆಯವರ ಹೊಸಕ್ಕಿ ಊಟಕ್ಕೆ ಎಷ್ಟು ಹತ್ತಿರ! ಒಂದೇ ಮಣ್ಣು, ಒಂದೇ ಬೆಳೆ.

ಮುಂಬೈಯಲ್ಲಿ, ಕೊಲ್ಲಿ ದೇಶಗಳಲ್ಲಿ ನೆಲೆಸಿದವರೂ ಈ ಹಬ್ಬವನ್ನು ಬಿಟ್ಟಿಲ್ಲ. ಆದರೆ ಊರಿನಲ್ಲೇ ಈಗ ಅಂಗಡಿಯಿಂದ ಕೊಂಡ ಹೂ ಮಕ್ಕಳ ಕೈ ಸೇರುತ್ತಿದೆ. ಈ ಸಲ ಅವರೊಡನೆ ನೀವೇ ಹಿತ್ತಲಿಗೆ ಇಳಿಯಿರಿ. ಕಾಳು ಸುಲಿಯುವ ಕೆಲಸವನ್ನೂ ಅವರಿಗೇ ಬಿಡಿ.