ಕಡೆಗೋಲು ಹಿಡಿದ ಕೃಷ್ಣ

ಮೊನ್ನೆ ಪಕ್ಕದ ಮನೆಯಲ್ಲಿ ಕಾಫಿಗೆ ಕೂತಿದ್ದೆ. ಮಿಕ್ಸಿಯ ಮೇಲ್ಗಡೆ ಗೋಡೆಯಲ್ಲಿ ಉಡುಪಿ ಕೃಷ್ಣನ ಕ್ಯಾಲೆಂಡರ್. ಆ ಮನೆಯ ಪುಟ್ಟ ಹುಡುಗಿ ಅದನ್ನೇ ನೋಡುತ್ತಾ, "ಅಜ್ಜೀ, ಕೃಷ್ಣ ಯಾಕೆ ಕೋಲಾಟದ ಕೋಲು ಹಿಡ್ಕೊಂಡಿದಾನೆ? ಕೊಳಲು ಎಲ್ಲಿ?" ಎಂದಳು. ಅಜ್ಜಿ ಮಿಕ್ಸಿಯಲ್ಲೇ ಬೆಣ್ಣೆ ತೆಗೆಯುತ್ತಿದ್ದರು. ಸ್ವಿಚ್ ಆರಿಸಿ, "ಅದು ಕಡೆಗೋಲು ಕಣೇ" ಎಂದರು. "ಹಾಗಂದ್ರೆ?" ಅಂತ ಮಗು ಕೇಳಿತು. ಅಜ್ಜಿ ಮಿಕ್ಸಿಯ ಕಡೆ ಕೈ ತೋರಿಸಿದರು.

ಮಗುವಿನ ಪ್ರಶ್ನೆ ನನ್ನ ಜೊತೆ ಮನೆಗೆ ಬಂತು. ನಮ್ಮ ದೇವರುಗಳ ಕೈಯಲ್ಲಿ ಚಕ್ರವಿದೆ, ಗದೆಯಿದೆ, ತ್ರಿಶೂಲವಿದೆ. ಉಡುಪಿಯ ಈ ಬಾಲಕನ ಬಲಗೈಯಲ್ಲಿ ಕಡೆಗೋಲು, ಎಡಗೈಯಲ್ಲಿ ಅದರ ಹಗ್ಗ. ಎರಡೂ ಅಡುಗೆಮನೆಯ ಸಾಮಾನು.

ಅದಕ್ಕೊಂದು ಕಥೆ ಹೇಳುತ್ತಾರೆ. ಕೃಷ್ಣ ದ್ವಾರಕೆಯ ದೊರೆಯಾದ ಮೇಲೂ ದೇವಕಿಗೆ ಒಂದು ಕೊರಗು ಉಳಿದಿತ್ತಂತೆ. ಹೆತ್ತವಳು ತಾನು, ಆಡಿಸಿದವಳು ಯಶೋದೆ. ಸೆರೆಮನೆಯಲ್ಲಿ ಹುಟ್ಟಿದ ಮಗು ಅದೇ ರಾತ್ರಿ ಕೈಬಿಟ್ಟು ಹೋಗಿತ್ತು. ಅದು ಅಂಬೆಗಾಲಿಟ್ಟದ್ದನ್ನೂ ಬೆಣ್ಣೆ ಕದ್ದದ್ದನ್ನೂ ಅವಳು ಕಂಡವಳಲ್ಲ. ತಾಯಿಯ ಆಸೆಗಾಗಿ ಕೃಷ್ಣ ಮತ್ತೆ ಮಗುವಾದ. ಅವಳು ಮೊಸರು ಕಡೆಯುತ್ತಿದ್ದಾಗ ಬೆಣ್ಣೆಗೆ ಕೈಹಾಕಿ, ಕಡೆಗೋಲನ್ನೂ ಹಗ್ಗವನ್ನೂ ಕಿತ್ತುಕೊಂಡು ನಿಂತ. ನೋಡುತ್ತಿದ್ದ ರುಕ್ಮಿಣಿ ಆ ರೂಪ ತನಗೆ ಬೇಕೆಂದು ವಿಶ್ವಕರ್ಮನಿಂದ ಮೂರ್ತಿ ಮಾಡಿಸಿಕೊಂಡಳು. ಅದೇ ಮೂರ್ತಿ ಕಾಲಾಂತರದಲ್ಲಿ ಗೋಪಿಚಂದನದ ಗಡ್ಡೆಯೊಳಗೆ ಅಡಗಿ, ಹಡಗೇರಿ ಮಲ್ಪೆಯ ಕಡಲಿಗೆ ಬಂತು. ಬಿರುಗಾಳಿಗೆ ಸಿಕ್ಕ ಹಡಗನ್ನು ಮಧ್ವಾಚಾರ್ಯರು ದಡ ಸೇರಿಸಿದರು; ಏನು ಬೇಕಾದರೂ ಕೇಳಿ ಎಂದ ನಾವಿಕನ ಬಳಿ ಆ ಮಣ್ಣಿನ ಗಡ್ಡೆಯನ್ನು ಮಾತ್ರ ಕೇಳಿದರು. ಇದರಲ್ಲಿ ಇತಿಹಾಸವೆಷ್ಟು, ಪುರಾಣವೆಷ್ಟು ಎಂಬ ಲೆಕ್ಕಕ್ಕೆ ನಾನು ಹೋಗುವುದಿಲ್ಲ. ಒಬ್ಬ ತಾಯಿಗೆ ತಪ್ಪಿಹೋದ ಬಾಲ್ಯವನ್ನು ಒಂದು ಊರು ನೂರಾರು ವರ್ಷಗಳಿಂದ ದಿನವೂ ಮೀಯಿಸಿ, ಉಣಿಸಿ, ಸಿಂಗರಿಸುತ್ತಿದೆಯಲ್ಲ, ನನಗೆ ಅಷ್ಟು ಸಾಕು.

ಕಡೆಗೋಲು ಹಿಡಿದವರಿಗೆ ಒಂದು ಗುಟ್ಟು ಗೊತ್ತು. ಹಗ್ಗದ ಒಂದು ತುದಿಯನ್ನು ಎಳೆಯುವಾಗ ಇನ್ನೊಂದನ್ನು ಸಡಿಲ ಬಿಡಬೇಕು. ಎರಡೂ ಕೈ ಒಟ್ಟಿಗೆ ಎಳೆದರೆ ಕೋಲು ಅಲ್ಲಾಡುವುದಿಲ್ಲ. ಅವಸರ ಮಾಡಿದರೆ ಮಜ್ಜಿಗೆ ನೆಲಕ್ಕೆ ಚೆಲ್ಲುತ್ತದೆ. ಬೆಣ್ಣೆ ಬಂದದ್ದು ಮೊದಲು ತಿಳಿಯುವುದು ಕಿವಿಗೆ. ಗಡಿಗೆಯ ಸದ್ದು ಬದಲಾಗಿ ಭಾರವಾಗುತ್ತದೆ.

ಆ ಕೃಷ್ಣನ ಪೂಜೆಯ ಏರ್ಪಾಡಿನಲ್ಲೂ ಇದೇ ಗುಟ್ಟಿದೆ: ಒಬ್ಬರು ಹಿಡಿದಾಗ ಇನ್ನೊಬ್ಬರು ಬಿಡಬೇಕು. ಉಡುಪಿಯ ಎಂಟು ಮಠಗಳು ಸರದಿಯ ಮೇಲೆ ಪೂಜೆ ಮಾಡುತ್ತವೆ. ಮೊದಲು ಎರಡು ತಿಂಗಳಿಗೊಮ್ಮೆ ಬದಲಾಗುತ್ತಿದ್ದ ಸರದಿಯನ್ನು 16ನೇ ಶತಮಾನದಲ್ಲಿ ಯತಿ ವಾದಿರಾಜರು ಎರಡು ವರ್ಷಕ್ಕೆ ಹಿಗ್ಗಿಸಿದರು. ಇದೇ ಪರ್ಯಾಯ. ಅದಕ್ಕೆ ಮೊದಲು ನಡೆಯುವ ಮುಹೂರ್ತಗಳು ನಾಲ್ಕು: ಬಾಳೆ, ಅಕ್ಕಿ, ಕಟ್ಟಿಗೆ, ಭತ್ತ. ಬಾಳೆ ನೆಡಬೇಕು, ಅಕ್ಕಿ ತುಂಬಿಡಬೇಕು, ಸೌದೆಯನ್ನು ತೇರಿನ ಆಕಾರದಲ್ಲಿ ಒಟ್ಟಬೇಕು. ನಾಲ್ಕೂ ಊಟದ ತಯಾರಿಯೇ. ಸಮವರ್ಷದ ಜನವರಿ 18ರ ನಸುಕಿನಲ್ಲಿ ಅಧಿಕಾರ ಕೈ ಬದಲಾಗುವಾಗ ಹೊಸ ಯತಿಗಳಿಗೆ ಗರ್ಭಗುಡಿಯ ಕೀಲಿಕೈಯೊಂದಿಗೆ ಅಕ್ಷಯಪಾತ್ರೆ ಮತ್ತು ಸಟ್ಟುಗ ಕೊಡುತ್ತಾರೆ. ಸಟ್ಟುಗವೆಂದರೆ ಬಡಿಸುವ ಸೌಟು. ಅರಸರಿಗೆ ಕತ್ತಿ, ನ್ಯಾಯಾಧೀಶರಿಗೆ ಸುತ್ತಿಗೆ. ಇಲ್ಲಿ ಪೀಠ ಏರುವವರಿಗೆ ಸೌಟು. ಕಡೆಗೋಲು ಹಿಡಿದು ನಿಂತವನ ಮನೆಯ ಯಜಮಾನಿಕೆಗೆ ಇದಕ್ಕಿಂತ ಒಪ್ಪುವ ಗುರುತು ಇನ್ನೇನಿದೆ?

ಅಲ್ಲಿನ ಊಟದ ಪಂಕ್ತಿಯ ಬಗ್ಗೆ, ಯಾರು ಎಲ್ಲಿ ಕೂತು ಉಣ್ಣಬೇಕೆಂಬ ಬಗ್ಗೆ ತಕರಾರು ಎದ್ದದ್ದೂ ಉಂಟು, ಬೀದಿಯಲ್ಲಿ ಪ್ರತಿಭಟನೆಯಾದದ್ದೂ ಉಂಟು. ಆ ತಕರಾರು ಏಳಲೇಬೇಕಾಗಿತ್ತು ಎಂದು ನನಗನ್ನಿಸುತ್ತದೆ. ಸಟ್ಟುಗ ಹಿಡಿದವರನ್ನು ಜನ ಸಟ್ಟುಗದಿಂದಲೇ ಅಳೆಯುತ್ತಾರೆ. ಬಡಿಸುವ ಕೈ ಮುಂದಿರುವವರ ಮುಖ ನೋಡಬಾರದು, ಎಲೆ ನೋಡಬೇಕು. ಇದು ಮಠಕ್ಕೆ ಮಾತ್ರ ಹೇಳಿದ ಮಾತೂ ಅಲ್ಲ. ಮನೆಯಲ್ಲಿ, ಕಚೇರಿಯಲ್ಲಿ, ಪಂಚಾಯಿತಿಯಲ್ಲಿ ನಮ್ಮ ಕೈಗೂ ಒಂದಲ್ಲ ಒಂದು ಸೌಟು ಸಿಕ್ಕೇ ಸಿಗುತ್ತದೆ.

ಉಡುಪಿಗೆ ಹೋದಾಗ ಕೃಷ್ಣನನ್ನು ನೋಡುವ ನವಗ್ರಹ ಕಿಂಡಿಯ ಮುಂದೆ ಸಿಗುವುದು ಒಂದೆರಡು ಕ್ಷಣ, ಹಿಂದಿನವರು ನೂಕುತ್ತಿರುತ್ತಾರೆ. ಅಲಂಕಾರದ ನಡುವೆ ಕಂಡರೆ ಅವನ ಕೈಗಳನ್ನು ಒಮ್ಮೆ ನೋಡಿ. ಮಕ್ಕಳು ಜೊತೆಗಿದ್ದರೆ ಅವರಿಗೂ ತೋರಿಸಿ, ಅದು ಕಡೆಗೋಲು ಎಂದು ಹೇಳಿ. ಮತ್ತೆ, ಊಟ ಮಾಡದೆ ಬರಬೇಡಿ.