ಕೆಲಸ ಕಲಿತೆವು, ಗಿರಾಕಿ ಎಲ್ಲಿ?

(ಕಾಮಗೆರೆಯ ಕಲಿಕಾ ಕೇಂದ್ರದಲ್ಲಿ ಸ್ವಯಂಸೇವಕ ಶಿಕ್ಷಕರು ಆಡಿದ ಮಾತು)

ಅಕ್ಕಂದಿರೇ, ತಂಗಿಯರೇ, ತಾಯಂದಿರೇ,



ಹಗಲೆಲ್ಲ ದುಡಿದು ಬಂದಿದ್ದೀರಿ. ಮನೆಯಲ್ಲಿ ಒಲೆ ಕಾಯ್ತಾ ಇದೆ. ನಿಮ್ಮನ್ನು ಹೆಚ್ಚು ಹೊತ್ತು ಕೂರಿಸೋದಿಲ್ಲ. ನಾಲ್ಕು ಮಾತು ಹೇಳುತ್ತೇವೆ. ಕೇಳಿ. ಸರಿ ಅನ್ನಿಸಿದರೆ ಮಾಡಿ.

ನಿಮ್ಮಲ್ಲಿ ಕೆಲವರು ಸೀರೆಗೆ ಕುಚ್ಚು ಕಟ್ಟುವುದನ್ನು ಕಲಿತಿದ್ದೀರಿ. ಕೆಲವರು ಫಾಲ್ಸ್ ಹೊಲಿಯುತ್ತೀರಿ. ಆದರೆ ಎಲ್ಲರದೂ ಒಂದೇ ಮಾತು. "ಕೆಲಸ ಬರುತ್ತೆ, ಗಿರಾಕಿ ಬರಲ್ಲ. ಬೋರ್ಡು ಬರೆಸೋಕೆ ದುಡ್ಡಿಲ್ಲ. ಅಂಗಡಿ ಬಾಡಿಗೆ ಕಟ್ಟೋಕಾಗಲ್ಲ."

ಕೈಯಲ್ಲಿ ದುಡ್ಡಿಲ್ಲದೆ ಗಿರಾಕಿಯನ್ನು ಕರೆಯೋದು ಹೇಗೆ? ಇದೇ ಇವತ್ತಿನ ಮಾತು.

ನಮ್ಮ ಪಕ್ಕದ ಕೊಳ್ಳೇಗಾಲ ರೇಷ್ಮೆ ಸೀರೆಗೆ ಹೆಸರಾದ ಊರು. ನಮ್ಮ ಸೀಮೆಯಲ್ಲಿ ಹಿಪ್ಪುನೇರಳೆ ಬೆಳೆದವರಿದ್ದಾರೆ. ರೇಷ್ಮೆ ಹುಳು ಸಾಕಿದವರಿದ್ದಾರೆ. ಮಗ್ಗದಲ್ಲಿ ನೇಯ್ದವರಿದ್ದಾರೆ. ಮಗ್ಗದಿಂದ ಸೀರೆ ಕೊಯ್ದಾಗ ಸೆರಗಿನ ತುದಿಯಲ್ಲಿ ಹಾಸಿನ ಎಳೆಗಳು ಹಾಗೇ ಉಳಿಯುತ್ತವೆ. ಗಂಟು ಹಾಕದಿದ್ದರೆ ಹೊಕ್ಕಿನ ಎಳೆ ಬಿಚ್ಚಿಕೊಳ್ಳುತ್ತದೆ. ಕುಚ್ಚು ಬರೀ ಅಂದಕ್ಕಲ್ಲ. ಅದು ಸೀರೆಯನ್ನು ಕಾಯುತ್ತದೆ. ಅಂದರೆ ನಿಮ್ಮ ಕೆಲಸ ಬೇಕಾದ ಕೆಲಸ. ಈ ಮಾತು ಮನಸ್ಸಿನಲ್ಲಿರಲಿ.

ಮೊದಲನೆಯದು. ನಮ್ಮ ಗಿರಾಕಿ ಯಾರು?

ಮಹದೇಶ್ವರ ಬೆಟ್ಟಕ್ಕೆ ಹೋಗುವ ಜನ ನಮ್ಮೂರ ಮೇಲೇ ಹೋಗುತ್ತಾರೆ. ಶಿವರಾತ್ರಿ, ಯುಗಾದಿ, ದೀಪಾವಳಿ ಬಂದರೆ ರಸ್ತೆ ತುಂಬ ಜನ. "ಅಲ್ಲೊಂದು ಬೋರ್ಡು ಹಾಕಿದರೆ ಸಾಕಲ್ವಾ?" ಅಂತ ಕೇಳಬಹುದು. ಯೋಚನೆ ಮಾಡಿ. ಅವರಿಗೆ ಬೇಕಾದ್ದು ನೀರು, ನೆರಳು, ಊಟ. ಸೀರೆ ಬಿಟ್ಟು ಹೋಗಿ ಐದು ದಿನ ಕಳೆದು ಬರೋರಲ್ಲ. ಜನ ಇದ್ದ ಕಡೆಯೆಲ್ಲ ಗಿರಾಕಿ ಇರೋದಿಲ್ಲ.

ನಮ್ಮ ಗಿರಾಕಿ ಅಂದರೆ ಮನೆಯಲ್ಲಿ ಮದುವೆ ಇರುವವರು. ಹಬ್ಬಕ್ಕೆ ಹೊಸ ಸೀರೆ ತಂದವರು. ಅವರು ಸೀರೆ ತಂದ ಮೇಲೆ ಮೊದಲು ಎಲ್ಲಿಗೆ ಹೋಗುತ್ತಾರೆ? ರವಿಕೆ ಹೊಲಿಸಲು ದರ್ಜಿ ಹತ್ತಿರ ಹೋಗುತ್ತಾರೆ. ಬಳೆ ಅಂಗಡಿಗೆ ಹೋಗುತ್ತಾರೆ. ಹಾಗಾದರೆ ನಮ್ಮ ಸುದ್ದಿ ಇರಬೇಕಾದ್ದು ಅಲ್ಲೇ. ಊರಲ್ಲಿ ರವಿಕೆ ಹೊಲಿಯುವವರನ್ನು ಕೇಳಿ. "ಅಕ್ಕ, ಕುಚ್ಚು ಬೇಕು ಅಂದೋರನ್ನ ನನ್ನ ಹತ್ರ ಕಳಿಸು. ರವಿಕೆ ಬೇಕು ಅಂದೋರನ್ನ ನಾನು ನಿನ್ನ ಹತ್ರ ಕಳಿಸ್ತೀನಿ" ಅನ್ನಿ. ಇದಕ್ಕೆ ಒಂದು ಪೈಸೆ ಖರ್ಚಿಲ್ಲ.

ಎರಡನೆಯದು. ಮಾದರಿ ಬಟ್ಟೆ.

ಬಾಯಲ್ಲಿ ಹೇಳಿದರೆ ಯಾರೂ ನಂಬೋಲ್ಲ. ಕಣ್ಣಿಗೆ ಕಾಣಬೇಕು. ಒಂದು ಮೊಳ ಬಟ್ಟೆ ತಗೊಳ್ಳಿ. ಅದರ ಅಂಚಿಗೆ ಐದು ಬಗೆಯ ಕುಚ್ಚು ಕಟ್ಟಿ. ಸಾದಾ ಕುಚ್ಚು, ಮಣಿ ಕುಚ್ಚು, ಕ್ರೋಶಾ ಕುಚ್ಚು, ನಿಮಗೆ ಬರುವುದೆಲ್ಲ ಇರಲಿ. ಪ್ರತಿಯೊಂದರ ಮೇಲೆ 1, 2, 3 ಎಂದು ನಂಬರ್ ಹಾಕಿ. ಕೆಳಗೆ ದರ ಬರೆಯಿರಿ. ಇದೇ ನಿಮ್ಮ ಬೋರ್ಡು. ಇದನ್ನು ಚೀಲದಲ್ಲಿ ಇಟ್ಟುಕೊಂಡು ಎಲ್ಲಿಗಾದರೂ ಹೋಗಬಹುದು.

ಕೊಳ್ಳೇಗಾಲದ ಸೀರೆ ಅಂಗಡಿಗೂ ತೋರಿಸಿ ಬನ್ನಿ. 2023ರ ಜೂನ್ 11ರಿಂದ ಶಕ್ತಿ ಯೋಜನೆ ಬಂದಿದೆ. ಸರ್ಕಾರಿ ಸಾಮಾನ್ಯ ಬಸ್ಸಿನಲ್ಲಿ ನಮ್ಮ ರಾಜ್ಯದ ಹೆಣ್ಣುಮಕ್ಕಳಿಗೆ ಟಿಕೆಟ್ಟಿಗೆ ದುಡ್ಡಿಲ್ಲ. ಗುರುತಿನ ಚೀಟಿ ಇದ್ದರೆ ಸಾಕು.

ಮೂರನೆಯದು. ದರ.

ಹೊಸಬರು ಮಾಡುವುದೇನು? ದರ ಇಳಿಸಿ ಗಿರಾಕಿ ಹಿಡಿಯಲು ನೋಡುತ್ತಾರೆ. ಇಲ್ಲಿ ಒಂದು ಲೆಕ್ಕ ಮಾಡೋಣ. ಉದಾಹರಣೆಗೆ, ಒಂದು ಕುಚ್ಚಿಗೆ 200 ರೂಪಾಯಿ ಅಂತ ಇಟ್ಟುಕೊಳ್ಳಿ. ದಾರ, ಮಣಿ ಸೇರಿ 50 ರೂಪಾಯಿ ಖರ್ಚು. ಉಳಿಯೋದು 150. ಕಟ್ಟಲು 4 ಗಂಟೆ ಬೇಕು. ಗಂಟೆಗೆ 37 ರೂಪಾಯಿ 50 ಪೈಸೆ ಬಿತ್ತು.

ಈಗ ದರವನ್ನು 120ಕ್ಕೆ ಇಳಿಸಿದಿರಿ. ದಾರದ ಅಂಗಡಿಯವರು ದರ ಇಳಿಸೋಲ್ಲ. ಅದು ಅದೇ 50. ಉಳಿದದ್ದು 70. ಗಂಟೆಗೆ 17 ರೂಪಾಯಿ 50 ಪೈಸೆ. ನೋಡಿದಿರಾ? ದರ ಅರ್ಧಕ್ಕೂ ಇಳಿದಿಲ್ಲ. ನಿಮ್ಮ ಕೂಲಿ ಮಾತ್ರ ಅರ್ಧಕ್ಕಿಂತ ಕೆಳಗೆ ಬಿತ್ತು. ಇಳಿಸಿದ್ದು ಸೀರೆಯ ದರವಲ್ಲ, ನಿಮ್ಮ ಕೈಯ ಬೆಲೆ.

ಹಾಗೆಂದು ದರ ಏರಿಸಿ ಕೂರಿ ಅನ್ನುತ್ತಿಲ್ಲ. ಲೆಕ್ಕ ಹಾಕಿ, ಆಮೇಲೆ ದರ ಹೇಳಿ. ನೆಂಟರು ಬಂದು "ನಮ್ಮ ಹತ್ರಾನೂ ದುಡ್ಡಾ?" ಅಂದರೆ ನಗ್ತಾನೇ ಹೇಳಿ. "ನಮ್ಮ ಕೂಲಿ ಬೇಡ ಚಿಕ್ಕವ್ವ, ದಾರದ ದುಡ್ಡಾದರೂ ಕೊಡು."

ನಾಲ್ಕನೆಯದು. ಚೀಟಿ.

ಒಂದು ರೇಷ್ಮೆ ಸೀರೆಗೆ ಎಷ್ಟು ಸಾವಿರ? ನಿಮಗೇ ಗೊತ್ತು. ಒಂದು ಮನೆಯವರು ವರ್ಷಗಟ್ಟಲೆ ಕೂಡಿಟ್ಟು ಮಗಳಿಗೆ ತಂದ ಸೀರೆ. ಅದನ್ನು ನಿಮ್ಮ ಕೈಗೆ ಕೊಡುತ್ತಾರೆ. ಒಂದು ಎಣ್ಣೆ ಕಲೆ ಬಿದ್ದರೆ, ಒಬ್ಬರ ಸೀರೆ ಇನ್ನೊಬ್ಬರ ಮನೆಗೆ ಹೋದರೆ, ನಿಮ್ಮ ಹೆಸರು ಹೋಯಿತು. ಅದರಿಂದ ಸೀರೆ ಬಂದ ಕೂಡಲೇ ಚೀಟಿ ಬರೆಯಿರಿ. ಒಂದು ಸೀರೆಗೆ ಸಿಕ್ಕಿಸಿ. ಇನ್ನೊಂದು ಗಿರಾಕಿಗೆ ಕೊಡಿ.

ನಂಬರ್: 7
ಸೀರೆ: ಹಸಿರು, ಕೆಂಪು ಅಂಚು
ಕೆಲಸ: 2ನೇ ನಂಬರ್ ಕುಚ್ಚು
ದರ: 200 ರೂಪಾಯಿ
ಮುಂಗಡ: 50 ರೂಪಾಯಿ
ಕೊಡುವ ದಿನ: ಶುಕ್ರವಾರ
ಮೊದಲೇ ಇದ್ದ ಕಲೆ: ಸೆರಗಿನಲ್ಲಿ ಒಂದು

ಕಡೆಯ ಸಾಲು ಮರೆಯಬೇಡಿ. ಗಿರಾಕಿಯ ಎದುರಿಗೇ ಸೀರೆ ಬಿಚ್ಚಿ ನೋಡಿ ಬರೆಯಿರಿ. ಆಮೇಲೆ ಜಗಳವಿಲ್ಲ. ಮುಂಗಡ ಬಂದರೆ ದಾರಕ್ಕೆ ಸಾಲ ಮಾಡುವುದೂ ತಪ್ಪಿತು.

ಅಂಗಡಿಯ ಕೆಲಸ ತಂದರೂ ಬರೆದಿಡಿ. ಎಷ್ಟು ಸೀರೆ ತಂದಿರಿ, ಎಷ್ಟು ಕೊಟ್ಟಿರಿ, ತಾರೀಕು ಸಮೇತ ಇರಲಿ. ಅಂಗಡಿಯವರ ಸಹಿ ಇರಲಿ. ತಿಂಗಳ ಕೊನೆಗೆ ನೀವು 17 ಅನ್ನುತ್ತೀರಿ, ಅವರು 14 ಅನ್ನುತ್ತಾರೆ. ಪುಸ್ತಕ ಇಲ್ಲದಿದ್ದರೆ ಮೂರು ಸೀರೆಯ ಕೂಲಿ ಹೋಯಿತು. ಅಕ್ಷರ ಕಲಿತದ್ದು ಇದಕ್ಕೇ ಅಲ್ಲವೇ? ಒಂದೇ ಅಂಗಡಿಯನ್ನು ನಂಬಿಯೂ ಕೂರಬೇಡಿ. ಅಂಗಡಿ ಕೆಲಸದ ಜೊತೆಗೆ ಮನೆ ಗಿರಾಕಿಯೂ ಇರಲಿ.

ಐದನೆಯದು. ಹೇಳಿದ ದಿನಕ್ಕೆ ಕೊಡಿ.

ಮುಹೂರ್ತ ಯಾರಿಗೂ ಕಾಯೋಲ್ಲ. ಮೂರು ದಿನದಲ್ಲಿ ಆಗುವ ಕೆಲಸಕ್ಕೆ ಐದು ದಿನ ಹೇಳಿ, ನಾಲ್ಕನೇ ದಿನ ಕೊಡಿ. ಆ ತಾಯಿ ಮದುವೆ ಮನೆಯಲ್ಲಿ ನಾಲ್ಕು ಜನಕ್ಕೆ ಹೇಳುತ್ತಾಳೆ. ಫಾಲ್ಸ್ ಬಟ್ಟೆ ಹತ್ತಿಯದಾದರೆ ಮೊದಲು ನೀರಲ್ಲಿ ನೆನೆಸಿ ಒಣಗಿಸಿ, ಆಮೇಲೆ ಹೊಲಿಯಿರಿ. ಇಲ್ಲದಿದ್ದರೆ ಒಂದು ಒಗೆತಕ್ಕೆ ಅದು ಕುಗ್ಗಿ ಸೀರೆ ಸುಕ್ಕಾಗುತ್ತದೆ. ಆಗಲೂ ಅವರು ನಾಲ್ಕು ಜನಕ್ಕೆ ಹೇಳುತ್ತಾರೆ!

ಆರನೆಯದು. ಫೋನು.

ಮನೆಯಲ್ಲಿ ಫೋನ್ ಇದ್ದರೆ ಮುಗಿದ ಕೆಲಸದ ಪಟ ತೆಗೆಯಿರಿ. ಹಗಲ ಬೆಳಕಲ್ಲಿ, ಬಿಳಿ ಬಟ್ಟೆಯ ಮೇಲೆ ಹರಡಿ ತೆಗೆಯಿರಿ. ಸೀರೆಯವರನ್ನು ಕೇಳಿ, ಆಮೇಲೆ ವಾಟ್ಸಾಪಿನಲ್ಲಿ ಕಳಿಸಿ. ಗೋಡೆಯ ಚೀಟಿಯಲ್ಲಿ ನಿಮ್ಮ ನಂಬರ್ ಹಾಕಬೇಕೋ ಬೇಡವೋ ಯೋಚಿಸಿ. ಬೇಡದ ಫೋನ್ ಬರಬಹುದು. ಮನೆಯ ಗುರುತು ಬರೆದರೂ ಸಾಕು.

ಫೋನಿನಲ್ಲಿ ದುಡ್ಡು ತಗೊಳ್ಳುವವರು ಒಂದು ಮಾತು ನೆನಪಿಡಿ. ನಮಗೆ ದುಡ್ಡು ಬರಲು ಪಿನ್ ಒತ್ತಬೇಕಿಲ್ಲ. "ದುಡ್ಡು ಕಳಿಸ್ತೀನಿ, ಪಿನ್ ಒತ್ತಿ" ಎಂದರೆ ಅದು ಮೋಸ.

ಇನ್ನು ಆಷಾಢ, ಪುಷ್ಯ ಬಂದರೆ ಮದುವೆ ಇಲ್ಲ. ಕೆಲಸ ಕಡಿಮೆ. ಆಗ ಹೆದರಬೇಡಿ. ಹೊಸ ಮಾದರಿ ಕಟ್ಟಿ. ಆಷಾಢ ಕಳೆದರೆ ಶ್ರಾವಣ, ವರಮಹಾಲಕ್ಷ್ಮಿ ಹಬ್ಬ. ಆಮೇಲೆ ಗೌರಿ ಹಬ್ಬ. ಸೀರೆ ಹೊರಬರುವ ಕಾಲ. ಹಬ್ಬಕ್ಕೆ ತಿಂಗಳ ಮುಂಚೆಯೇ ಸುದ್ದಿ ಮುಟ್ಟಿಸಿ. ಹಬ್ಬದ ಹಿಂದಿನ ದಿನ ಹೇಳಿದರೆ ಏನು ಬಂತು?

ಕೈಯಲ್ಲಿ 500 ರೂಪಾಯಿ ಇದ್ದರೆ ಬೋರ್ಡಿಗೆ ಹಾಕಬೇಡಿ. ಒಳ್ಳೆಯ ದಾರಕ್ಕೆ ಹಾಕಿ. ಒಂದು ಹರಿತವಾದ ಕತ್ತರಿಗೆ ಹಾಕಿ. ಸೀರೆ ಹಾಸಿಕೊಳ್ಳಲು ಒಂದು ಶುಭ್ರ ಬಟ್ಟೆಗೆ, ಲೆಕ್ಕ ಬರೆಯಲು ಒಂದು ಪುಸ್ತಕಕ್ಕೆ ಹಾಕಿ. ಬೋರ್ಡು ನೋಡಿ ಗಿರಾಕಿ ಒಂದು ಸಲ ಬರಬಹುದು. ಎರಡನೇ ಸಲ ಬರುವುದು ನಂಬಿಕೆಯಿಂದ.

ಇವತ್ತು ಮನೆಗೆ ಹೋಗಿ ಒಂದು ಕೆಲಸ ಮಾಡಿ. ನಿಮ್ಮದೇ ಒಂದು ಚೀಟಿ ಬರೆಯಿರಿ. ಕೆಲಸ, ದರ, ಕೊಡುವ ದಿನ, ಮನೆಯ ಗುರುತು ಬರೆಯಿರಿ. ಕಾಗುಣಿತ ತಪ್ಪಿದರೆ ಚಿಂತೆಯಿಲ್ಲ. ನಾಳೆ ತನ್ನಿ. ಕೂಡಿ ಓದೋಣ, ಕೂಡಿ ತಿದ್ದೋಣ.